ಗುಂಯಣ್ಣನ ಕೆನ್ನೆ

ಮಷೀನು ಸರಿಯಾಗಿ ಗಲ್ಲದ ನಡುಮಧ್ಯಕ್ಕೆ ಬಂದು ನಿಂತುಬಿಟ್ಟಿತು.

ನಿಲ್ಲುವುದಕ್ಕೆ ಅದಕ್ಕೆ ಬೇರೆ ಜಾಗವೇ ಸಿಗಲಿಲ್ಲ. ಬಲಗೆನ್ನೆ ಮುಗಿದಿತ್ತು, ಎಡಗೆನ್ನೆಗೆ ಇನ್ನೂ ಕೈ ಹಚ್ಚಿರಲಿಲ್ಲ. ನಾಲ್ಕು ದಿನ ಜ್ವರ ಬಂದು ಮಲಗಿದ್ದಾಗ ಬೆಳೆದ ಗಡ್ಡ ಬೇರೆ. ಕನ್ನಡಿಯಲ್ಲಿ ಬಲಗಡೆಯಿಂದ ನೋಡಿದರೆ ಕೆಲಸಕ್ಕೆ ಹೊರಟ ಸಂಭಾವಿತ ಗೃಹಸ್ಥ, ಎಡಗಡೆಯಿಂದ ನೋಡಿದರೆ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದವನು. ಗುಂಡಿ ಒತ್ತಿದ, ಅಂಗೈಗೆ ಬಡಿದ, ಬಾಯಿಂದ ಉಫ್ ಎಂದು ಊದಿದ. ಮಷೀನು ಒಂದು ಸಲ "ಗುಂ" ಎಂದು ನರಳಿ ಕಣ್ಣು ಮುಚ್ಚಿತು.

ಒಳಗಿಂದ ಹೆಂಡತಿಯ ದನಿ ಬಂತು. "ಏನ್ರೀ, ಸದ್ದೇ ನಿಂತೋಯ್ತು?"

"ನಿನ್ನೆ ಚಾರ್ಜಿಗೆ ಹಾಕಿ ಮಲಗಿದ್ದೆ. ವೈರು ಯಾರು ಕಿತ್ತದ್ದು?"

"ನನ್ನ ಫೋನು ಸಾಯ್ತಾ ಇತ್ತು, ಅದಕ್ಕೆ ಹಾಕ್ಕೊಂಡೆ. ನಿಮ್ಮದು ಬರೀ ಗಡ್ಡ ತಾನೇ?"

ಬರೀ ಗಡ್ಡ! ಆ ಮಾತು ಕೇಳಿ ಅವನಿಗೆ ಅಳು ಬರುವುದೊಂದು ಬಾಕಿ. ಅವನ ಅನ್ನ ಇದ್ದದ್ದೇ ಗಡ್ಡದಲ್ಲಿ. ಪೇಟೆಬೀದಿಯ ದೊಡ್ಡ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಗಡ್ಡ ತೆಗೆಯುವ ಮಷೀನುಗಳ ಕೌಂಟರು ಅವನದು. ಹತ್ತು ವರ್ಷದಿಂದ ಬಂದವರಿಗೆಲ್ಲ ಮಷೀನು ಗುಂಯ್‌ಗುಡಿಸಿ ತೋರಿಸಿ ತೋರಿಸಿ ಅವನಿಗೆ ಗುಂಯಣ್ಣ ಎಂಬ ಹೆಸರೇ ಅಂಟಿಕೊಂಡಿತ್ತು. ಅವನ ನಿಜವಾದ ಹೆಸರು ಸಂಬಳದ ಚೀಟಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ.

ಅವನ ಕೌಂಟರು ಇದ್ದದ್ದು ಅಂಗಡಿಯ ಬಾಗಿಲಲ್ಲೇ. ಬೀದಿಯ ಗಾಳಿ, ಬೆಳಕು, ಹೋಗಿಬರುವವರ ಮುಖ, ಎಲ್ಲ ಅವನ ಪಾಲಿಗೆ. ಆದರೆ ಈಚೆಗೆ ಮಷೀನು ಕೇಳುವವರೇ ಇರಲಿಲ್ಲ. ಈ ಹೊತ್ತು ಮಷೀನು ಕಂಪನಿಯ ಅಧಿಕಾರಿ ಬಂದು ನೋಡುವವರಿದ್ದರು. ಅವರಿಗೆ ಮೆಚ್ಚುಗೆಯಾದರೆ ಕೌಂಟರು ಬಾಗಿಲಲ್ಲೇ ಇರುತ್ತದೆ, ಇಲ್ಲವಾದರೆ ನೆಲಮಾಳಿಗೆಯ ಗೋಡೌನಿನ ಪಕ್ಕಕ್ಕೆ ಇಳಿಯುತ್ತದೆ ಎಂದು ಮಾಲೀಕರು ಹೇಳಿಯಾಗಿತ್ತು. ನೆಲಮಾಳಿಗೆಯಲ್ಲಿ ಒಂದು ಟ್ಯೂಬ್‌ಲೈಟು, ಅದೂ ಮಿಣುಕುವಂಥದ್ದು, ಮತ್ತು ಖಾಲಿ ರಟ್ಟಿನ ಡಬ್ಬಿಗಳು. ಅಲ್ಲಿ ಹಗಲೋ ಸಂಜೆಯೋ ಗೊತ್ತಾಗಬೇಕಾದರೆ ಮೆಟ್ಟಿಲು ಹತ್ತಿ ಬಂದು ನೋಡಬೇಕು. 

ಅಂಗಡಿಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಯಾರು ಏನು ಮಾರುತ್ತಾರೋ ಅದನ್ನೇ ಅವರು ಮನೆಯಲ್ಲಿ ಬಳಸಬೇಕು. ಮಾಲೀಕರು ದಿನಾ ಒಂಬತ್ತೂವರೆಗೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ತಪಾಸಣೆ ಮಾಡಿ ಒಳಗೆ ಬಿಡುತ್ತಿದ್ದರು. ಇಸ್ತ್ರಿ ಪೆಟ್ಟಿಗೆ ಕೌಂಟರಿನವನ ಅಂಗಿಯ ಗೆರೆ ನೋಡುವರು. ಹಣ್ಣಿನ ರಸದ ಮಷೀನು ಮಾರುವಾಕೆ ಮನೆಯಿಂದ ಒಂದು ಬಾಟಲಿ ರಸ ತಂದು ತೋರಿಸಬೇಕು. ಗುಂಯಣ್ಣನ ಕೆನ್ನೆಯನ್ನು ಮಾಲೀಕರು ಮೂರು ಬೆರಳಿನ ಹಿಂಬದಿಯಿಂದ ಸವರಿ ನೋಡುವರು. ಹೀಗೆ ಅರ್ಧ ಮುಖ ಹೊತ್ತು ಹೋದರೆ ಬಾಗಿಲು ದಾಟುವ ಪ್ರಶ್ನೆಯೇ ಇಲ್ಲ.

ಸಲೂನಿಗೆ ಅವತ್ತು ವಾರದ ರಜೆ. ಮಷೀನು ಚಾರ್ಜಾಗಲು ಐದು ಗಂಟೆ ಬೇಕು. ಗಡಿಯಾರದಲ್ಲಿ ಏಳೂಮುಕ್ಕಾಲು.

"ಅಟ್ಟದ ಮೇಲೆ ಅಪ್ಪ ಕೊಟ್ಟ ಪೆಟ್ಟಿಗೆ ಇದೆಯಲ್ರೀ," ಅಂದಳು ಹೆಂಡತಿ, ಬಾಗಿಲಲ್ಲಿ ನಿಂತು ನಗು ತಡೆದುಕೊಳ್ಳುತ್ತ.

"ಅದೊಂದು ಮಾತ್ರ ಬೇಡ."

ಆ ಪೆಟ್ಟಿಗೆಯ ಕಥೆ ಹೀಗೆ. ಹನ್ನೆರಡು ವರ್ಷದ ಹಿಂದೆ ಮದುವೆಯಾದಾಗ ಮಾವ ಅಳಿಯನಿಗೆ ಪ್ರೀತಿಯಿಂದ ಒಂದು ಮರದ ಪೆಟ್ಟಿಗೆ ಕೊಟ್ಟಿದ್ದರು. ಅದರಲ್ಲಿ ಬ್ರಷ್ಷು, ಸೋಪಿನ ಬಟ್ಟಲು, ಹೊಳೆಯುವ ಉಕ್ಕಿನ ರೇಜರು, ಒಂದು ಪಟಿಕದ ಕಲ್ಲು. ಮದುವೆಯಾದ ಮೂರನೆಯ ದಿನ ಮಾವನ ಮನೆಯಲ್ಲೇ ಅಳಿಯ ಅದನ್ನು ಉದ್ಘಾಟಿಸಿದ. ಏಳು ಕಡೆ ಕೊಯ್ದುಕೊಂಡ. ರಕ್ತ ನಿಲ್ಲಲೆಂದು ದಿನಪತ್ರಿಕೆ ಹರಿದು ಏಳು ಚೂರು ಅಂಟಿಸಿಕೊಂಡು ತಿಂಡಿಗೆ ಬಂದು ಕೂತ. ನಾದಿನಿ ಹತ್ತಿರ ಬಂದು ಅವನ ಮುಖವನ್ನು ಕಣ್ಣು ಕಿರಿದು ಮಾಡಿ ಓದಿ, "ಭಾವಾ, ನಿಮ್ಮ ಗಲ್ಲದಲ್ಲಿ ಹವಾಮಾನ ವರದಿ ಇದೆ, ನಾಳೆ ಮೋಡ ಕವಿದಿರುತ್ತಂತೆ," ಅಂದಳು. ಮನೆಮಂದಿಯೆಲ್ಲ ನಕ್ಕರು. ಪೆಟ್ಟಿಗೆ ಅಟ್ಟ ಹತ್ತಿತು. ಆಮೇಲೆ ಅವನು ಮಷೀನು ಹಿಡಿದ, ಮಷೀನು ಮಾರುವ ಕೆಲಸವನ್ನೂ ಹಿಡಿದ.

ಮಾವ ಒಂದು ಮಾತೂ ಆಡಲಿಲ್ಲ. ಆಡುವ ಸ್ವಭಾವವೇ ಅವರದಲ್ಲ; ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಎರಡು ವರ್ಷದಿಂದ ಮಗಳ ಮನೆಯಲ್ಲೇ ಇದ್ದರು. ದಿನಾ ಬೆಳಿಗ್ಗೆ ಹಿತ್ತಲಲ್ಲಿ ಕೂತು ಅರ್ಧ ಗಂಟೆ ನೊರೆ ಎಬ್ಬಿಸಿ, ನಿಧಾನವಾಗಿ ಗಡ್ಡ ಹೆರೆದುಕೊಳ್ಳುವರು. ಒಳಗೆ ಅಳಿಯನ ಮಷೀನು ಗುಂಯ್ ಎಂದಾಗ ಸುಮ್ಮನೆ ಒಂದು ಸಲ ಕೆಮ್ಮುವರು. ಆ ಕೆಮ್ಮಿನ ಅರ್ಥ ಇಬ್ಬರಿಗೂ ಗೊತ್ತಿತ್ತು.

ಅವತ್ತು ಕೆಮ್ಮಲಿಲ್ಲ. ಹಿತ್ತಲಿಂದ ಎದ್ದು ಬಂದು ಅಳಿಯನ ಮುಖವನ್ನು ನೋಡಿದರು. ಎಡಕ್ಕೆ ಬಾಗಿ ನೋಡಿದರು, ಬಲಕ್ಕೆ ಬಾಗಿ ನೋಡಿದರು.

"ಅಳಿಯಂದ್ರೇ, ಪೆಟ್ಟಿಗೆ ತಗೊಂಡು ಬೆಳಕಿಗೆ ಬನ್ನಿ," ಅಂದರು.

"ಮಾವ, ಇವತ್ತು ಕಂಪನಿಯವರು ಬರ್ತಾರೆ. ಕೊಯ್ದುಕೊಂಡ್ರೆ ನನ್ನ ಕೆಲಸ ನೆಲಮಾಳಿಗೆಗೆ."

"ಅವತ್ತು ನಾನು ಪೆಟ್ಟಿಗೆ ಕೊಟ್ಟೆ, ಹೇಳಿಕೊಡಲಿಲ್ಲ. ತಪ್ಪು ನನ್ನದೇ. ಬನ್ನಿ."

ಹನ್ನೆರಡು ವರ್ಷ ಒಳಗಿಟ್ಟುಕೊಂಡಿದ್ದ ಮಾತು ಅದು. ಗುಂಯಣ್ಣ ಮಷೀನು ಕೆಳಗಿಟ್ಟ. ಏಣಿ ಇಟ್ಟು ಅಟ್ಟ ಹತ್ತಿದ. ಪೆಟ್ಟಿಗೆ ಧೂಳು ಹೊದ್ದು ಮೂಲೆಯಲ್ಲಿ ಕೂತಿತ್ತು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವನನ್ನು ಕೂರಿಸಿ, ಗೋಡೆಯ ಮೊಳೆಗೆ ಕನ್ನಡಿ ತೂಗುಹಾಕಿ, ಮಾವ ಕೆಲಸ ಶುರು ಮಾಡಿಸಿದರು. ಮೊದಲು ಬಿಸಿನೀರಿನಲ್ಲಿ ಹಿಂಡಿದ ಟವೆಲ್ಲು ಮುಖದ ಮೇಲೆ. "ಗಡ್ಡ ಮೆತ್ತಗಾಗಲಿ. ಆತುರ ಬೇಡ." ಬ್ರಷ್ಷು ನೆನೆಯಿತು. ಬಟ್ಟಲಲ್ಲಿ ನೊರೆ ಏಳತೊಡಗಿತು. ಮೊದಲು ಪಾತ್ರೆ ತೊಳೆದ ನೀರಿನ ಹಾಗಿದ್ದದ್ದು, ಮಾವ ಮಣಿಕಟ್ಟು ತಿರುಗಿಸುವುದು ತೋರಿಸಿಕೊಟ್ಟ ಮೇಲೆ, ಹಾಲಿನ ಕೆನೆಯಂತೆ ಗಟ್ಟಿಯಾಗಿ ನಿಂತಿತು. ಬ್ರಷ್ಷು ಕೆನ್ನೆಯ ಮೇಲೆ ಸುತ್ತಿದಾಗ ಗುಂಯಣ್ಣ ಕಣ್ಣು ಮುಚ್ಚಿದ. ಜ್ವರದಲ್ಲಿ ನಾಲ್ಕು ದಿನ ಮಲಗಿದ ಆಯಾಸವೆಲ್ಲ ಎಲ್ಲಿಗೋ ಇಳಿದುಹೋಯಿತು.

ಮಾವ ತಮ್ಮ ಹೊಸ ಬ್ಲೇಡೊಂದನ್ನು ರೇಜರಿಗೆ ಹಾಕಿಕೊಟ್ಟರು. "ಈಗ ರೇಜರು. ಒತ್ತಬೇಡಿ."

"ಒತ್ತದಿದ್ರೆ ಕೂದಲು ಹೇಗೆ ಹೋಗುತ್ತೆ ಮಾವ?"

"ಮಷೀನು ಒತ್ತಿ ಅಭ್ಯಾಸ ನಿಮಗೆ. ಇದು ಹಾಗಲ್ಲ. ಇದರ ಭಾರವೇ ಇದಕ್ಕೆ ಸಾಕು. ನೀವು ದಾರಿ ತೋರಿಸಿ, ಅದು ಇಳಿಯುತ್ತೆ."

ದಾರಿ ತೋರಿಸಿದ. ರೇಜರು ಸಣ್ಣಗೆ ಸರಸರ ಎನ್ನುತ್ತ ಕೆನ್ನೆಯಿಂದ ಇಳಿಯಿತು. ಹಿಂದೆ ಒಂದು ಪಟ್ಟಿ ಚರ್ಮ ಹೊಳೆಯುತ್ತ ಉಳಿಯಿತು. ರಕ್ತವಿಲ್ಲ, ಉರಿಯಿಲ್ಲ. ಇನ್ನೊಂದು ಪಟ್ಟಿ. ಗುಂಯಣ್ಣನಿಗೆ ನಂಬಿಕೆಯೇ ಬರಲಿಲ್ಲ. ಇಷ್ಟು ವರ್ಷ ಈ ಪೆಟ್ಟಿಗೆಯ ಮೇಲೆ ಹೊರಿಸಿದ್ದ ತಪ್ಪೆಲ್ಲ ತನ್ನ ಕೈಯದು ಎಂದು ಗೊತ್ತಾಗಿ ನಾಚಿಕೆಯೂ ಆಯಿತು.

ಅಷ್ಟರಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಒಂದು ಬೋಳುತಲೆ ಮೂಡಿತು. ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ದನಿ ಮಾತ್ರ ಇನ್ನೂ ಮೈದಾನದಲ್ಲೇ ಇತ್ತು. ಗುಂಯಣ್ಣ ಅವರ ಹಳೆಯ ಶಿಷ್ಯ.

"ಏನೋ ಇದು! ಮಷೀನು ಮಾರೋನು ಬ್ರಷ್ ಹಿಡಿದಿದ್ದೀಯ!"

"ಮೇಷ್ಟ್ರೇ, ಸ್ವಲ್ಪ ಮೆತ್ತಗೆ..."

"ಕತ್ತು ಸೊಟ್ಟಗಿದೆ! ನೆಟ್ಟಗೆ ಕೂತ್ಕೋ! ಎಡಕ್ಕೆ ತಿರುಗ್!"

ಏಳು ವರ್ಷ ಮೈದಾನದಲ್ಲಿ ಕೇಳಿದ ಆಜ್ಞೆ ಮೈಯಲ್ಲಿ ಕೂತಿತ್ತು. ತಲೆ ಗಕ್ಕನೆ ಎಡಕ್ಕೆ ತಿರುಗಿತು, ರೇಜರು ಮಾತ್ರ ಕೆನ್ನೆಯ ಮೇಲೇ ಇತ್ತು. ಕಿವಿಯ ಕೆಳಗೆ ಸಾಸಿವೆಯಷ್ಟು ರಕ್ತ ಕಾಣಿಸಿಕೊಂಡಿತು. ಮಾವ ಪಟಿಕದ ಕಲ್ಲು ತೇಯ್ದು ಹಚ್ಚಿ, ಜೀವಮಾನದಲ್ಲೇ ಮೊದಲ ಸಲ ದನಿ ಎತ್ತಿದರು. "ಮೇಷ್ಟ್ರೇ, ಈ ಕೆಲಸಕ್ಕೆ ಆರ್ಡರ್ ಕೊಡಬಾರದು. ಗೋಡೆ ಇಳೀರಿ."

ಮೇಷ್ಟ್ರು ಇಳಿದರು. ಆದರೆ ಪೂರ್ತಿ ಇಳಿಯಲಿಲ್ಲ. ಕಣ್ಣು ಗೋಡೆಯ ಮೇಲೇ ಉಳಿಯಿತು.

ಎರಡನೆಯ ಸಲ ನೊರೆ ಹಚ್ಚಿ, ಬಲಗೆನ್ನೆಯನ್ನೂ ಸೇರಿಸಿ ಮುಗಿಸಿ, ತಣ್ಣೀರು ಎರಚಿಕೊಂಡು ಒಳಗೆ ಬಂದಾಗ ಹೆಂಡತಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಅವನ ಕೆನ್ನೆ ಮುಟ್ಟಿ ನೋಡಿದಳು. ಮತ್ತೊಂದು ಸಲ ಮುಟ್ಟಿದಳು.

"ರೀ, ಇದು ನಿಮ್ಮದೇನಾ?" ಅಂದಳು.

"ಮಷೀನಿಂದ ಇಷ್ಟು ವರ್ಷ ಏನು ತೆಗೀತಿದ್ದೆನೋ ನನಗೇ ಗೊತ್ತಾಗ್ತಿಲ್ಲ ಕಣೆ."

ಹಿತ್ತಲಲ್ಲಿ ಮಾವ ಬ್ರಷ್ಷು ತೊಳೆಯುತ್ತ, ತಮಗೆ ತಾವೇ ಏನೋ ಗುನುಗುತ್ತಿದ್ದರು. ಅದನ್ನು ಕೇಳಿ ಗುಂಯಣ್ಣನಿಗೆ ಬಹಳ ಸಂತೋಷವಾಯಿತು.

ಒಂಬತ್ತೂವರೆಗೆ ಅಂಗಡಿಯ ಬಾಗಿಲಲ್ಲಿ ಸಾಲು ನಿಂತಿತ್ತು. ಮುಂದೆ ಇಸ್ತ್ರಿ ಕೌಂಟರಿನವನು. ಎಲ್ಲರೂ ಅವನನ್ನು ಇಸ್ತ್ರಿ ಎಂದೇ ಕರೆಯುತ್ತಿದ್ದರು. ಬಸ್ಸಿನಲ್ಲಿ ಅಂಗಿ ಮುದುಡೀತೆಂದು ಸೀಟಿದ್ದರೂ ನಿಂತೇ ಬರುವ ಆಸಾಮಿ. ಕೆಲಸ ಅಂಗಡಿಯ ಹಿಂಬದಿಯ ಮೂಲೆಯಲ್ಲಿ, ಕಣ್ಣು ಮಾತ್ರ ಯಾವಾಗಲೂ ಬಾಗಿಲ ಬಳಿಯ ಜಾಗದ ಮೇಲೆ. ಹಾಗೆಂದು ಕೆಟ್ಟವನಲ್ಲ. ಆಸೆಯಿತ್ತು, ಅಷ್ಟೆ.

ಮಾಲೀಕರು ಗುಂಯಣ್ಣನ ಕೆನ್ನೆಗೆ ಬೆರಳು ತಾಗಿಸಿದರು. ಬೆರಳು ಜಾರಿತು. ಕನ್ನಡಕ ಹಣೆಗೇರಿಸಿ ಮತ್ತೆ ತಾಗಿಸಿದರು.

"ಏನಯ್ಯಾ ಇದು! ಇದು ನಮ್ಮ ಮಷೀನಾ?"

"ಸಾರ್, ಅದು ಏನಾಯ್ತು ಅಂದ್ರೆ, ಬೆಳಿಗ್ಗೆ ಮಷೀನು..."

"ಮಷೀನು! ಹತ್ತು ವರ್ಷದಿಂದ ಈ ಮಷೀನು ಇಟ್ಕೊಂಡು ಇಂಥ ಕೆನ್ನೆ ಎಲ್ಲಿ ಬಚ್ಚಿಟ್ಟಿದ್ದೆ? ಬಾ ಇಲ್ಲಿ!"

ಮಾಲೀಕರು ಅವನ ರಟ್ಟೆ ಹಿಡಿದು ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ನಿಲ್ಲಿಸಿದರು. ಬೀದಿಯಲ್ಲಿ ಹೋಗುತ್ತಿದ್ದವರನ್ನು ಕೂಗಿ ಕರೆದರು. "ಬನ್ನಿ ಸ್ವಾಮೀ, ಕೊಳ್ಳೋದೇನೂ ಬೇಡ. ಸುಮ್ನೆ ಮುಟ್ಟಿ ನೋಡಿ ಹೋಗಿ!"

ಮೊದಲು ಬಂದವರು ಒಬ್ಬ ಬ್ಯಾಂಕಿನ ಗುಮಾಸ್ತರು. ಮುಟ್ಟಿದರು, ತಮ್ಮ ಕೆನ್ನೆ ಮುಟ್ಟಿಕೊಂಡರು, ಮತ್ತೆ ಇವನದು ಮುಟ್ಟಿದರು, ಒಂದು ಮಷೀನು ಕಟ್ಟಿಸಿಕೊಂಡರು. ಆಮೇಲೆ ಒಬ್ಬ ಅಜ್ಜಿ. ಎರಡೂ ಕೈಯಲ್ಲಿ ಅವನ ಮುಖ ಹಿಡಿದು, "ನನ್ನ ಮೊಮ್ಮಗು ತೊಟ್ಟಿಲಲ್ಲಿದ್ದಾಗ ಹೀಗೇ ಇತ್ತು," ಎಂದು ಕಣ್ಣೊದ್ದೆ ಮಾಡಿಕೊಂಡು ಮಗನಿಗೊಂದು, ಅಳಿಯನಿಗೊಂದು ಕೊಂಡರು. ಒಬ್ಬ ಗಂಡ ಮುಟ್ಟಿ ನೋಡುತ್ತಿದ್ದಾಗ ಹೆಂಡತಿ ಪಕ್ಕದಲ್ಲಿ ನಿಂತು, "ಹೇಗಿದೆ ಹೇಳ್ರೀ, ಹೇಗಿದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಂಡನನ್ನು ಒಳಗೆ ತಳ್ಳಿಕೊಂಡು ಹೋದಳು.

ಗುಂಯಣ್ಣ ಪಾಪದ ಮನುಷ್ಯ. ಸುಳ್ಳು ಅವನಿಗೆ ಜೀರ್ಣವಾಗುವಂಥದ್ದಲ್ಲ. ಒಬ್ಬ ಗಿರಾಕಿಯನ್ನು ಪಕ್ಕಕ್ಕೆ ಕರೆದು, "ನಿಜ ಹೇಳ್ತೀನಿ ಸಾರ್, ಈ ನುಣುಪು ಬರೀ ಮಷೀನಿಂದ ಬಂದದ್ದಲ್ಲ," ಅಂದ.

"ಅದೇನು ಸಂಕೋಚ ನಿಮ್ಮದು! ಕೈಯಲ್ಲಿ ಕೆಲಸ ಇದೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಯಾಕೆ?" ಎಂದು ಬೆನ್ನು ತಟ್ಟಿ ಆತ ಎರಡು ಕೊಂಡ.

ಇನ್ನು ಉಳಿದದ್ದು ಒಂದೇ ದಾರಿ. ಕೊಂಡವರಿಗೆಲ್ಲ ಗುಂಯಣ್ಣ ಮಾವನ ಪಾಠ ಒಪ್ಪಿಸತೊಡಗಿದ. "ಮೊದಲು ಬಿಸಿನೀರಿನ ಟವೆಲ್ಲು ಇಟ್ಕೊಳ್ಳಿ. ಆತುರ ಬೇಡ. ಒತ್ತಬೇಡಿ." ಮಷೀನಿಗೂ ಅದರಿಂದ ಕೇಡೇನಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮಧ್ಯಾಹ್ನದ ಹೊತ್ತಿಗೆ ಕಪಾಟು ಅರ್ಧ ಖಾಲಿಯಾಗಿತ್ತು. ಮುಟ್ಟಿಸಿಕೊಂಡು ಮುಟ್ಟಿಸಿಕೊಂಡು ಅವನ ಕೆನ್ನೆ ಕೆಂಪಗಾಗಿತ್ತು. ಅದನ್ನೂ ಜನ ಆರೋಗ್ಯದ ಕಳೆ ಎಂದುಕೊಂಡರು.

ಬಾಗಿಲಲ್ಲಿ ನಿಂತು ಬೀದಿಯ ಗಾಳಿಗೆ ಮುಖವೊಡ್ಡಿ ಅವನು ಹಾಯಾಗಿದ್ದ. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಒಂದು ಗುಡುಗು ಕೇಳಿಸಿತು.

"ಸರೀರಿ, ದಾರಿ ಬಿಡಿ! ಎಲ್ಲಿ ನಮ್ಮ ಹುಡುಗ?"

ಡ್ರಿಲ್ ಮೇಷ್ಟ್ರು! ಕಂಕುಳಲ್ಲಿ ಕೆಟ್ಟುಹೋದ ಇಸ್ತ್ರಿ ಪೆಟ್ಟಿಗೆ.

"ಏನೋ, ಇಷ್ಟು ಜನ ಯಾಕೋ? ಬೆಳಿಗ್ಗೆ ನಿಮ್ಮ ಮಾವ ಹಿತ್ತಲಲ್ಲಿ..."

ಮಾಲೀಕರು ನಾಲ್ಕೇ ಹೆಜ್ಜೆ ದೂರದಲ್ಲಿದ್ದರು. ಗುಂಯಣ್ಣನ ತಲೆ ಆ ಕ್ಷಣ ಹಿಂದೆಂದೂ ಓಡದಷ್ಟು ವೇಗವಾಗಿ ಓಡಿತು. ಮೆಟ್ಟಿಲಿನಿಂದ ಹಾರಿ, ಮೇಷ್ಟ್ರ ಭುಜ ಹಿಡಿದು ತಿರುಗಿಸಿ, "ಮೇಷ್ಟ್ರೇ, ಇಸ್ತ್ರಿ ಪೆಟ್ಟಿಗೆ ರಿಪೇರಿ ಒಳಗಡೆ! ನೇರ ಹೋಗಿ, ಕೊನೇ ಕೌಂಟರು!" ಎಂದು ಅಂಗಡಿಯ ಹಿಂಬದಿಗೆ ನಡೆಸಿಕೊಂಡು ಹೋದ. ಇಸ್ತ್ರಿಯ ಕಿವಿಯಲ್ಲಿ, "ಪುಣ್ಯ ಬರುತ್ತೆ, ಇವರನ್ನ ಮಾತಾಡಿಸ್ತಾ ಇಲ್ಲೇ ಕೂರಿಸ್ಕೋ. ಮಾಲೀಕರ ಹತ್ರ ಮಾತ್ರ ಬಿಡಬೇಡ," ಅಂದ.

"ಅದಕ್ಕೇನಣ್ಣಾ," ಅಂದ ಇಸ್ತ್ರಿ, ಮೇಷ್ಟ್ರಿಗೆ ಸ್ಟೂಲು ಎಳೆದು. ಮೇಷ್ಟ್ರು ಅಲ್ಲಿ ಒಂದೂವರೆ ಗಂಟೆ ಕೂತರು. ಕೈ ಆಡಿಸಿ ಆಡಿಸಿ ಏನೇನೋ ಹೇಳುತ್ತಿದ್ದರು, ಇಸ್ತ್ರಿ ತಲೆದೂಗುತ್ತಿದ್ದ. ಹಳೆಯ ಕ್ರೀಡಾಕೂಟದ ಕಥೆಯಿರಬೇಕೆಂದು ಗುಂಯಣ್ಣ ನೆಮ್ಮದಿಯ ಉಸಿರು ಬಿಟ್ಟ.

ಮೂರು ಗಂಟೆಗೆ ಕಂಪನಿಯ ಅಧಿಕಾರಿ ಕಾರಿನಿಂದ ಇಳಿದರು. ತೆಳ್ಳನೆ ಆಳು, ಬಿಳಿ ಕೂದಲು, ಮಾತು ಕಡಿಮೆ. ಖಾಲಿ ಕಪಾಟು ನೋಡಿ ಹುಬ್ಬೇರಿಸಿದರು. ಮಾಲೀಕರು ಹೆಮ್ಮೆಯಿಂದ ಗುಂಯಣ್ಣನನ್ನು ಮುಂದಕ್ಕೆ ತಳ್ಳಿದರು. ಅಧಿಕಾರಿ ಹೆಬ್ಬೆರಳಿನಿಂದ ಕೆನ್ನೆಯನ್ನು ಕೆಳಗಿನಿಂದ ಮೇಲಕ್ಕೆ ಸವರಿದರು. ದವಡೆಯ ಮೂಲೆಯಲ್ಲಿ ಬೆರಳು ನಿಂತಿತು. ಕಿವಿಯ ಕೆಳಗಿನ ಸಾಸಿವೆಯಷ್ಟು ಗಾಯದ ಮೇಲೆ ಕಣ್ಣು ನಿಂತಿತು.

ಹತ್ತಿರ ಬಾಗಿ, ಅವನಿಗೊಬ್ಬನಿಗೇ ಕೇಳುವಂತೆ, "ಬ್ಲೇಡು ಹೊಸದಾ?" ಅಂದರು.

ಗುಂಯಣ್ಣ ಮಾಲೀಕರ ಕಡೆ ಓರೆಗಣ್ಣು ಹಾಯಿಸಿದ. "ಹೌದು ಸಾರ್," ಎಂದು ಉಸುರಿದ.

"ಹೆದರಬೇಡಿ. ಮೂವತ್ತು ವರ್ಷದಿಂದ ಈ ಮಷೀನು ಮಾರ್ತಿದ್ದೀನಿ. ಒಂದು ದಿನವೂ ನನ್ನ ಮುಖಕ್ಕೆ ಇಟ್ಟಿಲ್ಲ." ಆಮೇಲೆ ನೆಟ್ಟಗಾಗಿ, ಎಲ್ಲರಿಗೂ ಕೇಳುವಂತೆ, "ಬಹಳ ಚೆನ್ನಾಗಿದೆ," ಅಂದರು.

ಗುಂಯಣ್ಣನ ಹೋದ ಜೀವ ಬಂತು. ಅಧಿಕಾರಿ ಕಾರಿನಿಂದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತರಿಸಿ ಬಿಚ್ಚಿಸಿದರು. ಒಳಗೆ ಸಾಲಾಗಿ ಬ್ರಷ್ಷು, ಬಟ್ಟಲು, ರೇಜರು. ಸೋಪಿನ ಪರಿಮಳ ಅಂಗಡಿಗೆಲ್ಲ ಹರಡಿತು.

"ಕಂಪನಿ ಹೊಸದಾಗಿ ಇದನ್ನ ಶುರು ಮಾಡ್ತಿದೆ. ನಾಳೆಯಿಂದ ಇಲ್ಲೊಂದು ಕೌಂಟರು ಬೇಕು. ಇದನ್ನ ಪ್ರೀತಿಯಿಂದ ಬಳಸೋ ಆಳು ಬೇಕು," ಎಂದು ಅಧಿಕಾರಿ ಗುಂಯಣ್ಣನ ಕಡೆ ಕಣ್ಣಂಚಿನಲ್ಲಿ ನೋಡಿದರು.

ಗುಂಯಣ್ಣನಿಗೆ ಆಸೆ ಗಂಟಲವರೆಗೆ ಉಕ್ಕಿ ಬಂತು. ಇಂಥ ಕೌಂಟರು ಸಿಕ್ಕಿದರೆ ಸುಳ್ಳೂ ಇಲ್ಲ, ಗುಂಯ್ ಎನ್ನುವುದೂ ಇಲ್ಲ, ಬಾಗಿಲ ಬೆಳಕಿನಲ್ಲಿ ನೊರೆ ಎಬ್ಬಿಸುತ್ತ ಜೀವಮಾನ ಕಳೆಯಬಹುದು.

"ನಮ್ಮಲ್ಲಿ ಬಳಸೋನೇ ಮಾರಬೇಕು," ಅಂದರು ಮಾಲೀಕರು. "ನಿಮ್ಮಲ್ಲಿ ಬ್ರಷ್ಷು ಬಳಸೋರು ಯಾರಿದ್ದೀರಯ್ಯಾ?"

ಗುಂಯಣ್ಣ ಬಾಯಿ ತೆರೆದ. ಎದುರಿಗೆ ಬಿಲ್ಲಿಗೆ ಕಾಯುತ್ತ ಆರು ಜನ, ಆರು ಮಷೀನು ಎದೆಗೆ ಅವುಚಿಕೊಂಡು, ಅವನ ಕೆನ್ನೆಯನ್ನೇ ನೋಡುತ್ತ ನಿಂತಿದ್ದರು. ನಾನು ಎಂದರೆ ಆ ಆರೂ ವಾಪಸು, ಬೆಳಿಗ್ಗೆಯಿಂದ ಹೋದದ್ದೂ ವಾಪಸು, ಕಟ್ಟಳೆ ಮುರಿದದ್ದಕ್ಕೆ ತಾನೂ ಮನೆಗೆ ವಾಪಸು. ತೆರೆದ ಬಾಯಿಂದ ಒಂದು ಆಕಳಿಕೆ ಹೊರಡಿಸಿ ಮುಚ್ಚಿದ. ಅಧಿಕಾರಿ ಪಾಪ, ಫ್ಯಾನು ನೋಡತೊಡಗಿದರು.

"ನಾನಿದ್ದೀನಿ ಸಾರ್!" ಹಿಂಬದಿಯಿಂದ ಇಸ್ತ್ರಿ ಕೈಯೆತ್ತಿದ. "ಹುಟ್ಟಿದಾಗಿಂದ ಬ್ರಷ್ಷೇ."

"ಹುಟ್ಟಿದಾಗಿಂದಲಾ?"

"ಗಡ್ಡ ಹುಟ್ಟಿದಾಗಿಂದ ಸಾರ್."

"ಹಾಗಾದ್ರೆ ಸರಿ. ನಾಳೆ ಬೆಳಿಗ್ಗೆ ಕೆನ್ನೆ ತೋರಿಸಿ ಕೌಂಟರು ಹತ್ತು. ಹೊಸ ಮಾಲು, ಬಾಗಿಲಲ್ಲೇ ಇರಲಿ."

"ಸಾರ್, ಬಾಗಿಲಲ್ಲಿ ನನ್ನ ಮಷೀನು..." ಗುಂಯಣ್ಣನ ದನಿ ಅರ್ಧಕ್ಕೇ ನಿಂತಿತು.

ಮಾಲೀಕರು ಅವನ ಹೆಗಲ ಮೇಲೆ ಕೈ ಹಾಕಿ ಅಕ್ಕರೆಯಿಂದ ನಕ್ಕರು. "ನಿನಗೆ ಬಾಗಿಲು ಯಾಕಯ್ಯಾ ಬೇಕು? ಈ ಕೆನ್ನೆ ಇದ್ರೆ ಜನ ಪಾತಾಳಕ್ಕಾದ್ರೂ ಇಳಿದು ಬರ್ತಾರೆ. ನಾಳೆಯಿಂದ ನೀನು ನೆಲಮಾಳಿಗೆ."

ಸಂಜೆ ಗುಂಯಣ್ಣ ಬಸ್ಸು ಹತ್ತದೆ ನಡೆದೇ ಹೊರಟ. ಮೊದಲ ಎರಡು ಬೀದಿ ದುಃಖದಲ್ಲಿ ನಡೆದ. ಮೂರನೆಯ ಬೀದಿಯಲ್ಲಿ ಒಂದು ವಿಷಯ ಹೊಳೆಯಿತು. ಹೋದ ವರ್ಷ ಆ ಇಸ್ತ್ರಿಗೆ ಮಷೀನು ಕಟ್ಟಿಕೊಟ್ಟವನು ತಾನೇ! ಅವನು ಬ್ರಷ್ಷು ಮುಟ್ಟಿದವನೇ ಅಲ್ಲ. ನಾಳೆ ಬೆಳಿಗ್ಗೆ ಅವಸರದಲ್ಲಿ ರೇಜರು ಒತ್ತುತ್ತಾನೆ, ಏಳೆಂಟು ಕಡೆ ಕೊಯ್ದುಕೊಳ್ಳುತ್ತಾನೆ, ಕಾಗದದ ಚೂರು ಅಂಟಿಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಮಾಲೀಕರು ಬೆರಳಿಡುವುದಕ್ಕೂ ಹೇಸುತ್ತಾರೆ. ಕಂಪನಿಯವರಿಗೆ ಬಾಗಿಲ ಕೌಂಟರು ಖಾಲಿ ಬಿಡಲಾಗುವುದಿಲ್ಲ. ಹತ್ತು ಗಂಟೆಯೊಳಗೆ ತಾನು ಮತ್ತೆ ಮೇಲೆ.

ಅಲ್ಲಿಂದ ಮುಂದೆ ಅವನ ಹೆಜ್ಜೆ ಹಗುರಾಯಿತು. ಒಂದು ಅಂಗಡಿಯಲ್ಲಿ ನಿಂತು, ನಾಲ್ಕು ಬಗೆ ನೋಡಿ, ಕೇಳಿ, ಒಂದು ಪ್ಯಾಕೆಟ್ ಬ್ಲೇಡು ಕೊಂಡ. ಇಸ್ತ್ರಿಯ ಮೇಲೆ ಕನಿಕರವೂ ಬಂತು. ಕನಿಕರ ಪಡುತ್ತ ಪಡುತ್ತ ಸುಖವಾಗಿ ಮನೆ ಸೇರಿದ.

"ನಿಮ್ಮ ಅಂಗಡಿಯವರು ಯಾರೋ ಬಂದು ಮುಕ್ಕಾಲು ಗಂಟೆ ಆಯ್ತು," ಅಂದಳು ಹೆಂಡತಿ. "ಪಕ್ಕದ ಮನೆ ಮೇಷ್ಟ್ರೇ ಕರ್ಕೊಂಡು ಬಂದ್ರು. ಅಪ್ಪನ ಜೊತೆ ಹಿತ್ತಲಲ್ಲಿದ್ದಾರೆ."

ಗುಂಯಣ್ಣ ಚಪ್ಪಲಿ ಬಿಡುವುದನ್ನೂ ಮರೆತು ಹಿತ್ತಲಿಗೆ ನಡೆದ. ಸಂಜೆಯ ಬೆಳಕು ಇನ್ನೂ ಚೆನ್ನಾಗಿಯೇ ಇತ್ತು. ಒಗೆಯುವ ಕಲ್ಲಿನ ಮೇಲೆ ಇಸ್ತ್ರಿ, ಕತ್ತಿನ ಸುತ್ತ ಟವೆಲ್ಲು, ಮುಖದ ತುಂಬ ನೊರೆ. ಮಾವ ಪಕ್ಕದಲ್ಲಿ ನಿಂತು ಪಾಠ ಹೇಳುತ್ತಿದ್ದರು. ಅವರ ಮುಖದಲ್ಲಿ ಅಂಥ ಕಳೆಯನ್ನು ಗುಂಯಣ್ಣ ತನ್ನ ಮದುವೆಯ ದಿನವೂ ಕಂಡಿರಲಿಲ್ಲ.

"ಅಣ್ಣಾ, ಬಂದ್ರಾ!" ನೊರೆಯೊಳಗಿಂದ ಇಸ್ತ್ರಿ ನಕ್ಕ. "ನಿಮ್ಮ ಕೆನ್ನೆ ಹೇಗಾಯ್ತು ಅಂತ ಮೇಷ್ಟ್ರು ಮಧ್ಯಾಹ್ನವೇ ಎಲ್ಲ ಬಿಡಿಸಿ ಹೇಳಿದ್ರು. ಇಂಥ ಗುರುಗಳು ಇದ್ದಾರೆ ಅಂತ ಗೊತ್ತಾದ ಮೇಲೇನೇ ನಾನು ಧೈರ್ಯ ಮಾಡಿ ಕೈಯೆತ್ತಿದ್ದು. ನಿಮ್ಮ ವಿಷಯ ನನ್ನ ಬಾಯಿಂದ ಹೊರಗೆ ಬರಲ್ಲ ಬಿಡಿ, ನನ್ನಾಣೆ."

ಮೇಷ್ಟ್ರನ್ನು ಇಸ್ತ್ರಿಯ ಕೈಗೆ ಒಪ್ಪಿಸಿ ಬಂದವನು ತಾನೇ. ಗುಂಯಣ್ಣನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣವೆನ್ನಿಸಿತು. ಆ ಗೋಡೆಯ ಆಚೆಗಿಂದ ಮೇಷ್ಟ್ರು ಹೆಮ್ಮೆಯಿಂದ ಇಣುಕುತ್ತಿದ್ದರು.

"ಅಳಿಯಂದ್ರೇ, ಸರಿಯಾದ ಹೊತ್ತಿಗೆ ಬಂದ್ರಿ," ಅಂದರು ಮಾವ. "ಬಲಗೆನ್ನೆ ನಾನು ಮಾಡಿ ತೋರಿಸಿದೆ. ಬೆರಳು ನೋವು ಬಂತು. ಎಡಗೆನ್ನೆ ನೀವು ಮಾಡಿ. ಬೆಳಿಗ್ಗೆ ಕಲಿತದ್ದು ಎಷ್ಟು ಕೂತಿದೆ ನೋಡೋಣ."

ರೇಜರು ಅವನ ಕೈಗೆ ಬಂತು. ಇಸ್ತ್ರಿ ಕಣ್ಮುಚ್ಚಿ, ನಂಬಿಕೆಯಿಂದ ಕೆನ್ನೆ ಒಡ್ಡಿದ.

ಒಂದು ಸಲ ಒತ್ತಿದರೆ ಸಾಕಿತ್ತು. ಉದ್ದನೆಯ ಒಂದು ಗೆರೆ, ಅದರ ಮೇಲೆ ಎರಡು ಚೂರು ಕಾಗದ. ನಾಳೆ ಬೆಳಕು, ಗಾಳಿ, ಬೀದಿ, ಎಲ್ಲ ಮತ್ತೆ ತನ್ನದು. ಯಾರೂ ಬೇಕೆಂದು ಮಾಡಿದ ಎನ್ನುವಂತಿಲ್ಲ; ಇನ್ನೂ ಕಲಿಯುತ್ತಿರುವ ಕೈ. ಗುಂಯಣ್ಣ ರೇಜರನ್ನು ಕೆನ್ನೆಗೆ ತಾಗಿಸಿದ. ಮಾವ ಉಸಿರು ಬಿಗಿಹಿಡಿದು, ಬಿಚ್ಚಿದ ಗಡಿಯಾರ ಮತ್ತೆ ಟಿಕ್ ಎನ್ನುವುದನ್ನು ಕಾಯುವವರ ಹಾಗೆ, ಅವನ ಬೆರಳನ್ನೇ ನೋಡುತ್ತಿದ್ದರು.

ಒತ್ತಲು ಕೈಗೆ ಆಗಲಿಲ್ಲ. ರೇಜರು ತನ್ನ ಭಾರದಲ್ಲೇ ಸರಸರ ಇಳಿಯಿತು. ಒಂದು ಪಟ್ಟಿ, ಎರಡು ಪಟ್ಟಿ, ದವಡೆಯ ಮೂಲೆ, ಗಲ್ಲದ ಗುಳಿ. ನೂಲೆಳೆಯಷ್ಟೂ ಗಾಯವಿಲ್ಲ. ಮಾವ ಒಂದೊಂದು ಪಟ್ಟಿಯನ್ನೂ ಬಾಗಿ ಬಾಗಿ ನೋಡಿದರು. ಮುಗಿದ ಮೇಲೆ, "ನನ್ನ ಬಲಗೆನ್ನೆಗಿಂತ ನಿಮ್ಮ ಎಡಗೆನ್ನೆಯೇ ಚೆನ್ನಾಗಿದೆ," ಎಂದು ಹೇಳಿ ಮುಖ ಆ ಕಡೆ ತಿರುಗಿಸಿಕೊಂಡರು.

ಗುಂಯಣ್ಣ ಮೂರು ಬೆರಳಿನ ಹಿಂಬದಿಯಿಂದ ಇಸ್ತ್ರಿಯ ಕೆನ್ನೆ ಸವರಿ ನೋಡಿದ. ಬೆರಳು ಜಾರಿತು. ಬಾಗಿಲ ಬಳಿಯ ಜಾಗ ಪೂರ್ತಿ ಕೈಬಿಟ್ಟುಹೋಯಿತೆಂದು ಗೊತ್ತಾದದ್ದು ಆಗಲೇ. ಬರಬೇಕಾಗಿದ್ದದ್ದು ಸಿಟ್ಟು, ಬಂದದ್ದು ಮಾತ್ರ ಹೆಮ್ಮೆ, ಅದೂ ಎದೆ ತುಂಬುವಷ್ಟು.

"ಅಣ್ಣಾ," ಅಂದ ಇಸ್ತ್ರಿ, ಕನ್ನಡಿಯಲ್ಲಿ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿಕೊಳ್ಳುತ್ತ, "ನಾಳೆ ಬಾಗಿಲಲ್ಲಿ ಜನ ಮುಟ್ಟಿ ನೋಡಿ, ಇಂಥ ಕೆನ್ನೆ ಹೇಗೆ ಬಂತು ಅಂತ ಕೇಳಿದ್ರೆ ಏನು ಹೇಳ್ಲಿ?"

"ಕೆಳಗಡೆ ಮಷೀನು ಮಾರ್ತಾನಲ್ಲ, ಅವನನ್ನ ಕೇಳಿ ಅಂತ ಮಾತ್ರ ಹೇಳ್ಬೇಡಪ್ಪಾ," ಎಂದು ಗುಂಯಣ್ಣ ಬ್ರಷ್ಷು ತೊಳೆಯಲು ನೀರಿನ ತೊಟ್ಟಿಯ ಕಡೆ ನಡೆದ.